ಮೊದಲ ಮೂರು ಸಂಖ್ಯೆ

ಯಂತ್ರದ ಕೈ ಆರನೆಯ ಸಲವೂ ನೀರಿನ ಲೋಟ ಹಿಡಿದು ಖಾಲಿ ಕುರ್ಚಿಯ ಕಡೆಗೇ ಹೋಯಿತು. ಮೇಷ್ಟ್ರು ಕಿಟಕಿಯ ಬಳಿ ನಿಂತು ನಕ್ಕರು. ಮೂವತ್ತೂ ತುಂಬದ ಅವರನ್ನು ಗಣಿತ ಕಲಿಸುತ್ತಾರೆಂದು ಎಲ್ಲರೂ ಹಾಗೇ ಕರೆಯುತ್ತಿದ್ದರು. ಕೀಬೋರ್ಡಿನ ಮುಂದಿದ್ದವಳಿಗೆ ಮಾತ್ರ ನಗು ಬರಲಿಲ್ಲ.

ಕೈ ಎತ್ತಲಾಗದವರಿಗೆ ನೀರು ಕೊಡುವ ಯಂತ್ರ ಅದು. ಅವಳ ಭಾವನ ವರ್ಕ್‌ಶಾಪಿನಲ್ಲಿ ತಯಾರಾಗುತ್ತಿತ್ತು. ಲೆಕ್ಕ ಮೇಷ್ಟ್ರದು, ಪ್ರೋಗ್ರಾಂ ಅವಳದು.

"ಇವತ್ತು ಮುಗೀಲೇಬೇಕಮ್ಮ," ಎಂದು ಭಾವ ಇಣುಕಿ ಹೇಳಿದರು. "ಮೇಷ್ಟ್ರು ಪಾಪ ಎರಡು ಸಲ ಟಿಕೆಟ್ ಮುಂದೂಡಿದ್ದಾರೆ. ಸಂಜೆ ತಮ್ಮ ಊರಿನ ಕಾಲೇಜಿಗೆ ಹೊರಡಬೇಕು."

ಅವಳು ಸ್ಕ್ರೀನಿನಿಂದ ಕಣ್ಣೆತ್ತಲಿಲ್ಲ.

ಮೇಷ್ಟ್ರು ಬಂದು ಸ್ಕ್ರೀನಿಗೆ ಬಗ್ಗಿದರು. "ಗಣಿತದಲ್ಲಿ ವೆಕ್ಟರ್ ಅಂದ್ರೆ ಬಾಣ ಇದ್ದ ಹಾಗೆ ಕಣ್ರೀ. ಯಾವ ಕಡೆ, ಎಷ್ಟು ದೂರ, ಅಷ್ಟೇ. ಕುಡಿಯೋರು ಎಲ್ಲಿದ್ದಾರೆ ಅಂತ ತಿಳಿಸೋಕೆ ನಾನು ಕೊಟ್ಟಿದ್ದು ಮೂರೇ ಸಂಖ್ಯೆ. ಇಲ್ಲಿ ಮುನ್ನೂರಿದೆಯಲ್ಲ?"

"ಪ್ರೋಗ್ರಾಮಲ್ಲಿ ವೆಕ್ಟರ್ ಅಂದ್ರೆ ಸಂಖ್ಯೆಗಳ ಕ್ಯೂ ಇದ್ದ ಹಾಗೆ. ಕ್ಯಾಮೆರಾ ಹೊಸ ಜಾಗ ನೋಡಿದ್ರೆ ಅದು ಹಿಂದೆ ಸೇರ್ಕೊಳ್ಳುತ್ತೆ. ನಾವಾಗಿ ಅಳಿಸೋ ತನಕ ಹಳೇದು ಹೋಗಲ್ಲ."

"ಮತ್ತೆ ಈ ಕೈ ಓದೋದು ಯಾವುದನ್ನ?"

"ಮೊದಲ ಮೂರನ್ನ." ಅವಳ ದನಿ ಇಳಿಯಿತು. "ಮೊದಲನೇ ದಿನ ನೀವು ಕೂತಿದ್ದ ಜಾಗ."

ಹಳೆಯದನ್ನು ಅಳಿಸಲು ಪ್ರೋಗ್ರಾಮಿನಲ್ಲಿ ಒಂದೇ ಸಾಲು ಬರೆದರೆ ಸಾಕಿತ್ತು. ವಾರದ ಹಿಂದೆಯೇ ಅವಳಿಗೆ ತಪ್ಪು ಸಿಕ್ಕಿತ್ತು. ತಿದ್ದಲು ಕೂತಾಗಲೆಲ್ಲ ಬೆರಳು ಏಳುತ್ತಿರಲಿಲ್ಲ.

"ಮೊದಲೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು. ತಿದ್ದಿದ್ರೆ ನೀವು ಹೋಗಿಬಿಡ್ತೀರಿ. ನೀವಿಲ್ಲದೆ ನನಗಾಗಲ್ಲ. ಅದನ್ನ ಹೇಗೆ ಹೇಳೋದು ಅಂತ ತಿಳೀಲಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಸೋಮವಾರವೇ ನಾನೂ ಈ ಸಂಖ್ಯೆಗಳು ಬೆಳೀತಿರೋದನ್ನ ನೋಡಿದ್ದೆ. ಬಾಯಿ ಬಿಡಲಿಲ್ಲ. ಆದ್ರೆ ಇನ್ನು ಮುಂದೂಡೋಕಾಗಲ್ಲ ಕಣ್ರೀ. ಹುಡುಗರ ಪರೀಕ್ಷೆ ಹತ್ರ ಬಂತು, ಮಾತು ಕೊಟ್ಟಿದ್ದೀನಿ."

ಹೊರಡುವುದನ್ನು ತಡೆಯುವುದು ಇಬ್ಬರ ಕೈಯಲ್ಲೂ ಇರಲಿಲ್ಲ. ಅವಳು ಕಣ್ಣೊರೆಸಿಕೊಂಡು ಆ ಒಂದು ಸಾಲು ಬರೆದಳು. ಮೇಷ್ಟ್ರು ಚೀಲ ಹೆಗಲಿಗೇರಿಸಿ ಯಂತ್ರವಿದ್ದ ಮೇಜಿನ ಪಕ್ಕದ ಬಾಗಿಲಿಗೆ ನಡೆದರು. ಯಂತ್ರದ ಕೈ ಕೊಂಚ ತಡವರಿಸಿತು. ಆಮೇಲೆ ಕುರ್ಚಿಯನ್ನು ಬಿಟ್ಟು ಲೋಟವನ್ನು ಅವರ ಮುಂದೆ ಚಾಚಿತು.

ಅವರು ಗಟಗಟನೆ ನೀರು ಕುಡಿದು ಲೋಟವನ್ನು ಚೀಲಕ್ಕೆ ಹಾಕಿಕೊಂಡರು.

"ರೀ, ಅದು ಭಾವನ ಲೋಟ."

"ರಜೆಗೆ ಬಂದು ಅವರ ಕೈಗೇ ಕೊಡ್ತೀನಿ. ನಿಮ್ಮ ಬಗ್ಗೆ ಅವರ ಹತ್ರ ಕೇಳ್ಬೇಕಾದ್ದೂ ಒಂದಿದೆ. ಕೇಳಲಾ?"

ಅವಳು ಹೂಂ ಎಂದು ತಲೆಯಾಡಿಸಿದಳು. ಅವರು ಹೋದ ಮೇಲೂ ಯಂತ್ರದ ಕೈ ಬಾಗಿಲ ಕಡೆ ಚಾಚಿಕೊಂಡೇ ಇತ್ತು. ಅದನ್ನು ಹಿಂದಕ್ಕೆ ಕರೆಯಲು ಅವಳಿಗೆ ಮನಸ್ಸಾಗಲಿಲ್ಲ.