ಕೌದಿಯೊಳಗಿನ ತುತ್ತು

ನೀವು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನು ನನ್ನ ಕೈಯಾರೆ ಮುಟ್ಟಿ ನೋಡಿದ್ದನ್ನಷ್ಟೇ ಹೇಳುತ್ತೇನೆ.

ಹುಮನಾಬಾದಿನ ಚರ್ಚ್ ಮೈದಾನದ ಕ್ರಿಸ್‌ಮಸ್ ಬಜಾರಿನಲ್ಲಿ ತಂಗಿ ಸ್ನೇಹಲ ಕೌದಿ ಅಂಗಡಿ ಹಾಕಿದ್ದಳು. ಅವಳಿಗೆ ಹೇಳದೆಯೇ ಬಸವಕಲ್ಯಾಣದಿಂದ ಬಸ್ಸು ಹತ್ತಿ ಸಂಜೆ ಹೋದೆ. ಬಣ್ಣದ ದೀಪಗಳ ಕೆಳಗೆ ಎಲ್ಲಕ್ಕಿಂತ ಮುಂದೆ ತೂಗುತ್ತಿದ್ದದ್ದು ಅವ್ವನ ಕೌದಿ.

ಅವ್ವ ಹಾಸಿಗೆ ಹಿಡಿದಾಗ ಅರ್ಧಕ್ಕೆ ನಿಂತಿದ್ದ ಅದನ್ನು ನಾನೇ ಮುಗಿಸಿದ್ದೆ. ಕೌದಿ ಹಸಿದಿರಬಾರದೆಂದು ನಮ್ಮಲ್ಲಿ ಕೊನೆಯ ಮೂಲೆಯೊಳಗೆ ರೊಟ್ಟಿಯ ತುತ್ತಿಟ್ಟು ಹೊಲಿಯುತ್ತಾರೆ, ಹಾಗೇ ಹೊಲಿದಿದ್ದೆ. ಅದನ್ನು ಹೊದಿಸಿಯೇ ತನ್ನನ್ನು ಮಣ್ಣು ಮಾಡಬೇಕೆಂದು ಅವ್ವ ಹೇಳಿಟ್ಟಿದ್ದಳು. ಅವ್ವ ಹೋದ ಸುದ್ದಿ ಕೇಳಿ ನಾನು ತಲುಪುವಷ್ಟರಲ್ಲಿ ಮಣ್ಣು ಮುಗಿದಿತ್ತು. "ಹೊದಿಸೇ ಕಳಿಸೀನಕ್ಕಾ" ಎಂದು ಸ್ನೇಹಲ ನನ್ನನ್ನು ತಬ್ಬಿ ಅತ್ತಿದ್ದಳು.

"ಇದು ಇಲ್ಲಿ ಹ್ಯಾಂಗ ಬಂತು?" ಎಂದೆ.

ಅವಳು ತಲೆ ತಗ್ಗಿಸಿದಳು. "ಇಷ್ಟು ಚಂದದ್ದು ಮಣ್ಣಾಗ ಹಾಕಾಕ ಮನಸ್ಸಾಗಲಿಲ್ಲ. ಟ್ರಂಕಿನ್ಯಾಗ ಇಟ್ಟಿದ್ದೆ. ಇವತ್ತೇ ಹೊರಗ ತಗದೀನಿ."

ಕೌದಿಯನ್ನು ಎಳೆದುಕೊಂಡೆ. ತಣ್ಣಗೆ ಒದ್ದೆಯಾಗಿ, ಹಸಿ ಮಣ್ಣಿನ ವಾಸನೆ ಹೊಡೆಯುತ್ತಿತ್ತು. ಕೊನೆಯ ಮೂಲೆಯೊಂದೇ ಬೆಚ್ಚಗಿತ್ತು. ಹೊಲಿಗೆ ಬಿಚ್ಚಿದೆ. ಒಳಗಿನ ತುತ್ತು ಈಗಷ್ಟೇ ಹಂಚಿನಿಂದ ಇಳಿಸಿದ ರೊಟ್ಟಿಯಂತೆ ಮೆತ್ತಗಿತ್ತು.

"ಈ ಮೂಲಿ ನೀ ಬಿಚ್ಚಿ ಹೊಲಿದಿಯೇನು?"

"ಇಲ್ಲಕ್ಕಾ, ಮುಟ್ಟೇ ಇಲ್ಲ."

ಅಂದಿನಿಂದ ತಂಗಿಯ ಯಾವ ಮಾತನ್ನೂ ನಂಬಿಲ್ಲ, ಅದೊಂದನ್ನು ಬಿಟ್ಟು. ನಾನು ಬಿಚ್ಚಿದ ಆ ಹೊಲಿಗೆ ಎಡಗೈಯದು. ನಮ್ಮ ಮನೆಯಲ್ಲಿ ಎಡಗೈಯಲ್ಲಿ ಹೊಲಿಯುತ್ತಿದ್ದವಳು ಅವ್ವ ಒಬ್ಬಳೇ.