ಬೆಕ್ಕಿನ ಕೈಲಿ ಹೇಳಿ ಕಳಿಸಬೇಡಿ

"ನಮ್ಮ ಬೆಕ್ಕನ್ನ ಇಲ್ಲಿ ಕೂರಿಸ್ಕೊಂಡು ಏನ್ ಮಾಡ್ತಿದೀರಾ?"

ಹಿಂದಿನ ಬೀದಿಯ ಸೋಫಾ ರಿಪೇರಿ ಅಂಗಡಿಯ ಬಾಗಿಲಲ್ಲಿ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಮನೆಯ ಬೆಕ್ಕು ಚಿನ್ನಿ ಬೆಳಗಿನಿಂದ ಕಾಣೆ. ಹುಡುಕಿ ಹುಡುಕಿ ಅವಳ ಕಾಲು ಸೋತಿದ್ದವು. ಇಲ್ಲಿ ನೋಡಿದರೆ, ಸ್ಪಂಜು ಹೊರಬಂದ ಹಳೇ ಸೋಫಾದ ಮೇಲೆ ಅದು ಕಾಲು ಚಾಚಿ ಮಲಗಿದೆ. ಪಕ್ಕದಲ್ಲಿ ಮಂಡಿಯೂರಿದ ಒಬ್ಬ ಅದರ ಜೊತೆ ಹರಟೆ ಹೊಡೆಯುತ್ತಿದ್ದಾನೆ.

ಅವನ ತುಟಿಗಳ ನಡುವೆ ಸಣ್ಣ ಸಣ್ಣ ಮೊಳೆಗಳಿದ್ದವು. ಸೋಫಾಕ್ಕೆ ಬಟ್ಟೆ ಹೊಡೆಯುವವರ ಅಭ್ಯಾಸ ಅದು. ಬಾಯಿಂದ ಒಂದೊಂದೇ ಮೊಳೆ ತೆಗೆದು ಸುತ್ತಿಗೆಯಲ್ಲಿ ಹೊಡೆಯುವುದು.

ಅವನು ಅವಳನ್ನೊಮ್ಮೆ ನೋಡಿದ. ಮೊಳೆಗಳನ್ನು ಬಾಯಿಯ ಮೂಲೆಗೆ ಸರಿಸಿ, ಮತ್ತೆ ಬೆಕ್ಕಿನ ಕಡೆಗೇ ತಿರುಗಿದ.

"ನೋಡಮ್ಮಾ ಮಹಾರಾಣಿ, ನಿಮ್ಮ ಮನೆಯೋರು ಬಂದಿದಾರೆ. ನನ್ನನ್ನ ಕಳ್ಳ ಅಂದ್ಕೊಂಡಿರೋ ಹಾಗಿದೆ. ನೀನಾಗೇ ಬಂದಿದ್ದು ಅಂತ ಸ್ವಲ್ಪ ಹೇಳು."

ಅವಳ ಮೈಯೆಲ್ಲ ಉರಿದುಹೋಯಿತು.

"ನನಗೆ ಕಿವಿ ಇದೆ. ನನ್ನ ಹತ್ರ ಮಾತಾಡಿ. ಬೆಕ್ಕಿನ ಕೈಲಿ ಹೇಳಿ ಕಳಿಸಬೇಡಿ."

ಇಷ್ಟಕ್ಕೆಲ್ಲ ಯಾರಾದರೂ ಇಷ್ಟು ಕೆರಳುತ್ತಾರೆಯೇ ಎಂದು ನೀವು ಕೇಳಬಹುದು. ಅವಳ ಮನೆಯಲ್ಲಿ ಒಂದೇ ಒಂದು ದಿನ ಇದ್ದು ನೋಡಿ, ಆಮೇಲೆ ಕೇಳಿ.

ಅವಳ ಅಪ್ಪ ಅಮ್ಮ ಒಂದೇ ಸೂರಿನ ಕೆಳಗಿದ್ದರೂ, ಒಂದೇ ಮೇಜಿನಲ್ಲಿ ಉಂಡರೂ, ಪರಸ್ಪರ ಮಾತಾಡಿ ವರ್ಷಗಳೇ ಆಗಿದ್ದವು. ಅವಳಿನ್ನೂ ಕಾಲೇಜಿನಲ್ಲಿದ್ದಾಗ, ಮನೆ ತುಂಬ ನೆಂಟರಿದ್ದ ಒಂದು ದಿನ, ಅಪ್ಪ ಎಲ್ಲರೆದುರು ಅಮ್ಮನಿಗೆ "ನಿಂಗೇನು ಗೊತ್ತಾಗುತ್ತೆ, ಸುಮ್ನಿರು" ಅಂದಿದ್ದರು. ಅಮ್ಮ ಸುಮ್ಮನಾದರು. ಹಾಗೇ ಉಳಿದುಬಿಟ್ಟರು. ಅಪ್ಪನಿಗೋ, ತಪ್ಪಾಯಿತು ಅನ್ನಲು ಬಿಗುಮಾನ.

ಆ ಹೊತ್ತಿಗೆ ಸರಿಯಾಗಿ ಮನೆಗೆ ಬಂದದ್ದು ಚಿನ್ನಿ.

"ಚಿನ್ನೀ, ಊಟ ಬಡಿಸಿದೀನಿ, ಹಸಿವಾದೋರು ಬರಬಹುದಂತೆ ಅನ್ನು" ಎಂದು ಅಮ್ಮ.

"ಚಿನ್ನೀ, ನನ್ನ ನೀಲಿ ಶರ್ಟು ಎಲ್ಲಿ ಅಂತ ಕೇಳಿ ನೋಡು" ಎಂದು ಅಪ್ಪ.

"ಕಣ್ಣೆದುರಿಗೇ ಇದೆ, ಕನ್ನಡಕ ಹಾಕ್ಕೊಂಡು ನೋಡಬೇಕಂತೆ ಅಂತ ಹೇಳು."

ಬಂದವರು ಇದನ್ನು ಕೇಳಿ ಬಿದ್ದು ಬಿದ್ದು ನಗುತ್ತಿದ್ದರು. ಬೆಕ್ಕನ್ನು ಎಷ್ಟು ಮುದ್ದು ಮಾಡುತ್ತೀರಪ್ಪಾ ಅನ್ನುತ್ತಿದ್ದರು. ಮುದ್ದಂತೆ ಮುದ್ದು! ಅವಳಿಗೆ ಮಾತ್ರ ಒಂದು ದಿನವೂ ನಗು ಬಂದಿರಲಿಲ್ಲ.

ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಬಿಡಿಸಿ ಬಿಡಿಸಿ, ಎರಡೆರಡು ಸಲ ಹೇಳುವುದು ಅವಳ ಕೆಲಸ. ಗುರುತು ಪರಿಚಯವಿಲ್ಲದ ಜನಕ್ಕೆ ಅಷ್ಟು ಸ್ಪಷ್ಟವಾಗಿ ಹೇಳಿ ಮನೆಗೆ ಬಂದರೆ, ಇಲ್ಲಿ ಗಂಡ ಹೆಂಡತಿ ಒಂದು ಲೋಟ ನೀರಿಗೂ ಬೆಕ್ಕಿನ ಮುಖ ನೋಡುತ್ತಾರೆ. ಚಿನ್ನಿ ಕಾಣೆಯಾದ ಆ ಬೆಳಿಗ್ಗೆಯಂತೂ ಅಪ್ಪನಿಗೆ ಕಾಫಿ ಕೇಳಲಾಗಲಿಲ್ಲ, ಅಮ್ಮನಿಗೆ ಕಾಫಿ ಆಯಿತು ಅನ್ನಲಾಗಲಿಲ್ಲ. ಕಾಫಿ ಒಲೆಯ ಮೇಲೇ ಆರಿಹೋಯಿತು.

ಮದುವೆಯಾದರೆ ನನ್ನ ಮುಖ ನೋಡಿ ಮಾತಾಡುವವನನ್ನೇ ಆಗಬೇಕು, ಇಲ್ಲದಿದ್ದರೆ ಮದುವೆಯೇ ಬೇಡ... ಎಂದು ಅವಳು ಎಂದೋ ತೀರ್ಮಾನಿಸಿಬಿಟ್ಟಿದ್ದಳು.

ಚಿನ್ನಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು. ಮರುದಿನವೂ ಅದು ಸೋಫಾ ಅಂಗಡಿಗೇ ಹೋಯಿತು. ಕರೆತರಲು ಅವಳೂ ಹೋದಳು. ಜಗಳ ಕಾಯಲೆಂದೇ ಹೋಗುತ್ತಿದ್ದವಳು ಒಂದು ಸಂಜೆ ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ಮತ್ತೊಂದು ಸಂಜೆ ಅವನು ಕೊಟ್ಟ ಕಾಫಿ ಕುಡಿದಳು.

ಸೋಫಾಗಳ ಸಂದಿಯಲ್ಲಿ ಸಿಕ್ಕಿದ್ದನ್ನೆಲ್ಲ ಅವನು ಒಂದು ಡಬ್ಬಿಯಲ್ಲಿ ಜೋಪಾನವಾಗಿಟ್ಟು ಮಾಲೀಕರಿಗೆ ಹಿಂದಿರುಗಿಸುತ್ತಿದ್ದ. ಒಂಟಿ ಓಲೆ, ಬಾಚಣಿಗೆ, ಒಮ್ಮೆ ಯಾರದೋ ಅಜ್ಜಿಯ ಹಲ್ಲಿನ ಸೆಟ್ಟು.

"ಅಜ್ಜಿ ಏನಂದ್ರು?"

"ಏನೋ ಅಂದ್ರು. ಸೆಟ್ಟು ಹಾಕ್ಕೊಂಡ ಮೇಲೇ ಅದು ಬೈಗುಳ ಅಂತ ಗೊತ್ತಾಗಿದ್ದು."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಲ್ಲದರ ಬಗ್ಗೆಯೂ ಅವನು ಅವಳ ಮುಖ ನೋಡಿಯೇ ಮಾತಾಡುತ್ತಿದ್ದ. ಇವನು ಆ ಥರದವನಲ್ಲ, ಮೊದಲ ದಿನ ನಾನೇ ದುಡುಕಿದೆ... ಎಂದುಕೊಂಡಳು. ನಿಲ್ದಾಣದಲ್ಲಿ ಮೈಕು ಆರಿಸಿದೊಡನೆ ಕಾಲುಗಳು ತಾವಾಗಿಯೇ ಹಿಂದಿನ ಬೀದಿಗೆ ತಿರುಗುತ್ತಿದ್ದವು. ಬೆಕ್ಕು ಮನೆಯಲ್ಲೇ ಮಲಗಿದ್ದ ದಿನವೂ ಬೆಕ್ಕನ್ನು ಹುಡುಕಿಕೊಂಡು ಹೋಗುತ್ತಿದ್ದಳು.

ಒಂದು ಸಂಜೆ, ಅಂಗಡಿ ಮುಚ್ಚುವ ಹೊತ್ತು. ಅವನು ಚಿನ್ನಿಯ ಕಿವಿಯ ಹಿಂದೆ ಕೆರೆಯುತ್ತಾ, ಅವಳ ಕಡೆ ತಿರುಗದೆ ಹೇಳಿದ.

"ಮಹಾರಾಣೀ, ನಿಮ್ಮಕ್ಕ ಬರದಿದ್ದ ದಿನ ಇಲ್ಲಿ ನನ್ನ ಕೈಯೇ ಓಡಲ್ಲ ಅಂತ ಹೇಳ್ತೀಯಾ? ದಿನಾ ಬಂದು ಹೋಗೋ ಬದಲು ನನ್ನ ಜೊತೇಲೇ ಇದ್ದುಬಿಡ್ತಾರಾ ಅಂತ ಕೇಳ್ತೀಯಾ?"

ಎಷ್ಟು ದಿನದಿಂದ ಅವಳು ಕಾಯುತ್ತಿದ್ದ ಮಾತು... ಆದರೆ ಅದು ಹೋದದ್ದು ಯಾರಿಗೆ? ಬೆಕ್ಕಿಗೆ. ಅವಳ ಕಣ್ಣ ಮುಂದೆ ಮನೆಯ ಊಟದ ಮೇಜು ಬಂತು. ಅಮ್ಮ ಕೂರುವ ಕುರ್ಚಿಯಲ್ಲಿ ತಾನು, ಅಪ್ಪನ ಕುರ್ಚಿಯಲ್ಲಿ ಇವನು.

"ಮೊದಲ ದಿನವೇ ಹೇಳಿದ್ದೆ ನಿಮಗೆ" ಅಂದಳು.

"ಅಯ್ಯೋ, ಸುಮ್ನೆ ತಮಾಷೆಗೆ..."

"ನಮ್ಮಪ್ಪ ಅಮ್ಮನೂ ಬೆಕ್ಕಿನ ಕೈಲೇ ಮಾತಾಡೋದು. ಅವರಿಗೂ ಮೊದಮೊದಲು ತಮಾಷೆಯಾಗೇ ಇದ್ದಿರಬೇಕು. ಜೀವನ ಪೂರ್ತಿ ಜೊತೇಲಿರು ಅಂತ ಕೇಳೋಕೆ ನನ್ನ ಕಡೆ ತಿರುಗೋಕೂ ಆಗಲ್ವಾ ನಿಮಗೆ? ಇಂಥ ಒಂದು ಮನೇಲಿ ಬೆಳೆದಿದ್ದು ಸಾಕು. ಇಂಥದ್ದೇ ಇನ್ನೊಂದಕ್ಕೆ ಸೇರೋಕೆ ನನ್ನಿಂದಾಗಲ್ಲ."

ಉತ್ತರ ಕೊಡುವ ಬದಲು ಅವನು, ಪುಣ್ಯಾತ್ಮ, ಮೊಳೆಯ ಡಬ್ಬಿಗೆ ಕೈ ಹಾಕಿ ಒಂದು ಹಿಡಿ ತೆಗೆದು ಬಾಯಿಗೆ ತುಂಬಿಕೊಂಡ. ಅಂಗಡಿ ಮುಚ್ಚುವ ಹೊತ್ತಿನಲ್ಲಿ! ಅವಳು ಬೆಕ್ಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹಿಂದಿರುಗಿ ನೋಡದೆ ಹೊರಟಳು.

ಮನೆಯೊಳಗೆ ಕಾಲಿಟ್ಟಳೋ ಇಲ್ಲವೋ, ಅಮ್ಮ ಶುರು ಮಾಡಿದರು.

"ಚಿನ್ನೀ, ನಮ್ಮ ಹುಡುಗಿ ಮುಖ ಯಾಕೆ ಹೀಗಾಗಿದೆ ಅಂತ ಕೇಳು ಅವರನ್ನ."

"ನನಗೇನು ಗೊತ್ತು ಅಂತ ಹೇಳು ಚಿನ್ನಿ" ಅಂದರು ಅಪ್ಪ.

ಅವಳ ತಾಳ್ಮೆಯ ಕಟ್ಟೆ ಒಡೆಯಿತು.

"ಸಾಕು ಮಾಡಿ ಇಬ್ಬರೂ. ನಾನು ಇಲ್ಲೇ ನಿಂತಿದೀನಿ. ನನ್ನ ಬಗ್ಗೆ ಕೇಳೋಕೂ ನಿಮಗೆ ಬೆಕ್ಕೇ ಬೇಕಾ? ಒಂದು ಮಾತು ಅಂದಿದ್ದಕ್ಕೆ ಒಬ್ಬರು ಬಾಯಿಗೆ ಬೀಗ ಹಾಕ್ಕೊಂಡ್ರಿ. ತಪ್ಪಾಯ್ತು ಅನ್ನೋಕೆ ಒಬ್ಬರಿಗೆ ನಾಲಿಗೆ ಏಳಲಿಲ್ಲ. ನಡುವೆ ಸತ್ತಿದ್ದು ನಾನು. ಇವತ್ತಿಂದ ಈ ಬೆಕ್ಕು ಯಾರ ಮಾತನ್ನೂ ಹೊರಲ್ಲ."

ಚಿನ್ನಿಯನ್ನು ಎತ್ತಿಕೊಂಡು ಕೋಣೆ ಸೇರಿ, ಚಿಲಕ ಹಾಕಿದಳು. ಹಾಸಿಗೆಯ ಮೇಲೆ ಕುಸಿದಾಗ ಅಳು ಒತ್ತರಿಸಿ ಬಂತು.

"ನೀನೇ ಹೇಳೇ ಚಿನ್ನಿ, ಒಂದು ಮಾತು ನೆಟ್ಟಗೆ ಹೇಳೋಕಾಗಲ್ವಾ ಆ ಸೋಫಾ ಅಂಗಡಿಯವರಿಗೆ? ನನಗೆ ಅವರಂದ್ರೆ ಪ್ರಾಣ ಅಂತ ಅವರಿಗೇನು ಗೊತ್ತು. ಅವರನ್ನ ಬಿಟ್ಟು ನನಗೆ..."

ಅಲ್ಲಿಗೆ ನಿಂತಳು.

ಚಿನ್ನಿ ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿತ್ತು. ನಾನು ಇದನ್ನು ಅವರಿಗೆ ಯಾವತ್ತಾದರೂ ಹೇಳಿದ್ದೇನಾ? ಇಲ್ಲ. ಅವರೇ ಹೇಳಲಿ ಎಂದು ಕಾದೆ. ಈಗ ನಾನೂ ಹೇಳುತ್ತಿರುವುದು ಯಾರಿಗೆ? ಅವಳಿಗೆ ತನ್ನ ಮೇಲೇ ಕೆಟ್ಟ ಸಿಟ್ಟು ಬಂತು.

ಎಷ್ಟೋ ಹೊತ್ತಿನ ಮೇಲೆ ಹೊರಗಿನಿಂದ ಒಂದು ಸ್ವರ ಕೇಳಿಸಿತು.

"ರೀ..."

ಅವಳು ಎದ್ದು ಬಾಗಿಲಿಗೆ ಕಿವಿಯಿಟ್ಟಳು. ಅದು ಅಮ್ಮ. ಅಪ್ಪನನ್ನು ಅಮ್ಮ ಹಾಗೆ ಕರೆದದ್ದನ್ನು ಕೇಳಿ ಎಷ್ಟು ಕಾಲವಾಗಿತ್ತು!

"ರೀ, ಅವಳು ಅಳ್ತಿದಾಳೆ."

"ಹೂಂ ಕಣೇ. ಕೇಳಿಸ್ತಿದೆ" ಅಂದರು ಅಪ್ಪ. "ಅವತ್ತು ಎಲ್ಲರ ಮುಂದೆ ನಾನು ಹಾಗೆ ಅನ್ನಬಾರದಿತ್ತು."

"ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ನಿಮಗೆ?"

"ನೀನೂ ಒಂದು ಸಲ ಬೈದುಬಿಟ್ಟಿದ್ರೆ ಮುಗೀತಿತ್ತಲ್ಲ."

"ಓಹೋ, ಈಗ ತಪ್ಪು ನಂದಾ?"

ಇಬ್ಬರೂ ಜಗಳಕ್ಕಿಳಿದರು. ಕೂಡಿಟ್ಟಿದ್ದ ಸಿಟ್ಟನ್ನೆಲ್ಲ ಅಮ್ಮ ಒಂದೊಂದಾಗಿ ಹೊರತೆಗೆದರು, ಅಪ್ಪ ಎಲ್ಲಕ್ಕೂ ಉತ್ತರ ಕೊಟ್ಟರು. ನಡುವೆ ಯಾರೂ ಚಿನ್ನಿಯನ್ನು ಕರೆಯಲಿಲ್ಲ. ಬಾಗಿಲಿಗೆ ಒರಗಿ ಕುಳಿತು ಅವಳು ಅತ್ತುಕೊಂಡೇ ನಕ್ಕಳು.

ಮರುದಿನ ಅವಳು ಅಂಗಡಿಗೆ ಬರಿಗೈಯಲ್ಲಿ ಹೋದಳು. ಅವನು ಅದೇ ಸೋಫಾದ ಮುಂದೆ ಮಂಡಿಯೂರಿದ್ದ. ಕಣ್ಣು ಕೆಂಪಾಗಿದ್ದವು. ಅವಳನ್ನು ಕಂಡು ದಡಬಡಿಸಿ ಎದ್ದ.

"ಮಹಾರಾಣಿ ಎಲ್ಲಿ?"

"ಇವತ್ತು ಅವಳಿಗೆ ರಜೆ. ಮೊದಲು ಬಾಯಲ್ಲಿರೋ ಮೊಳೆ ಉಗುಳಿ."

ಅವನು ಅಂಗೈಗೆ ಉಗುಳಿದ.

"ನಿನ್ನೆ ನಿಮಗೆ ಅಷ್ಟೆಲ್ಲ ಬೈದೆ. ಮನೆಗೆ ಹೋಗಿ ನಾನೂ ಚಿನ್ನಿ ಮುಂದೆಯೇ ಹೇಳ್ಕೊಂಡೆ. ಅದನ್ನ ಈಗ ನಿಮಗೇ ಹೇಳ್ತೀನಿ. ನನಗೆ ನೀವಂದ್ರೆ ಪ್ರಾಣ."

ಅವನ ಕೈಯಿಂದ ಮೊಳೆಗಳು ಜಾರಿ ನೆಲಕ್ಕೆ ಬಿದ್ದವು. ಬಗ್ಗಲು ಹೋದವನನ್ನು ಅವಳು ತಡೆದಳು.

"ಬಿಡಿ, ಆಮೇಲೆ ಆರಿಸ್ಕೊಳ್ಳಿ. ನೀವ್ಯಾಕೆ ನನಗೆ ಹೇಳಲಿಲ್ಲ?"

"ಬೆಕ್ಕು ಯಾವತ್ತೂ ಬೇಡ ಅನ್ನಲ್ಲ" ಅಂದ ಮೆಲ್ಲಗೆ. "ನೀವು ಬೇಡ ಅಂದ್ಬಿಟ್ರೆ, ಮಾರನೇ ದಿನದಿಂದ ಆ ಸ್ಟೂಲು ಖಾಲಿ. ಅದಕ್ಕೇ ಹೆದರಿದ್ದೆ."

"ಕೇಳದೇನೇ ನಾನು ಬೇಡ ಅಂತೀನಿ ಅಂತ ಹೇಗೆ ಗೊತ್ತಾಯ್ತು? ಇಲ್ಲೇ ನಿಂತಿದೀನಲ್ಲ, ಕೇಳಿ."

ಅಭ್ಯಾಸ ಬಲದಿಂದ ಅವನ ಕಣ್ಣು ಒಮ್ಮೆ ಖಾಲಿ ಸೋಫಾದ ಕಡೆ ಹೋಯಿತು. ಅಲ್ಲಿಂದ ಹಿಂದಿರುಗಿ ಅವಳ ಮುಖದ ಮೇಲೆ ನಿಂತಿತು.

"ನನ್ನನ್ನ ಮದುವೆ ಆಗ್ತೀರಾ?"

ಅವಳ ಕಣ್ಣು ತುಂಬಿತು. ಆದರೂ ಅಷ್ಟು ಸುಲಭವಾಗಿ ಬಿಡಲು ಮನಸ್ಸಿಲ್ಲ.

"ನಮ್ಮ ಸ್ಟೇಷನ್ನಲ್ಲಿ ಯಾವುದನ್ನೂ ಒಂದೇ ಸಲ ಹೇಳಲ್ಲ. ಇನ್ನೊಂದು ಸಲ."

"ನನ್ನನ್ನ ಮದುವೆ ಆಗ್ತೀರಾ?" ಈ ಸಲ ಎಷ್ಟು ಜೋರಾಗಿ ಕೇಳಿದನೆಂದರೆ, ಎದುರಿನ ಅಂಗಡಿಯ ಟೈಲರ್ ಮಷಿನ್ ನಿಲ್ಲಿಸಿ ಇಣುಕಿದ.

"ಆಗ್ತೀನಿ."

"ನೀವೂ ಎರಡು ಸಲ ಹೇಳಬೇಕಲ್ವಾ?"

ಅವಳು ಅವನ ಮುಖವನ್ನೇ ನೋಡುತ್ತಾ ನಕ್ಕಳು.

"ಆಗ್ತೀನಿ ರೀ."