ಮೇಸ್ತ್ರಿ ನೋಡಿದ ನಳಿಗೆ

ಸೆಪ್ಟೆಂಬರ್ 6, ಶುಕ್ರವಾರ. ಬೆಳಿಗ್ಗೆ 8.40ಕ್ಕೆ ಪ್ರಾದೆರ್ಗೊ ಠಾಣೆಯ ಕರೆಗಂಟೆ ಒತ್ತಿದವರು ಬೊರ್ತೊಲೊ ಝಾನೊಲೆತ್ತಿ, ವಯಸ್ಸು ಎಪ್ಪತ್ತೊಂದು, ಕೋವಿ ಕಾರ್ಖಾನೆಯ ನಿವೃತ್ತ ಕೆಲಸಗಾರ. ನಲವತ್ತೆರಡು ವರ್ಷ ಅವರು ಮಾಡಿದ್ದು ಒಂದೇ ಕೆಲಸ. ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಕಣ್ಣು ಹಾಯಿಸುವುದು, ಕೂದಲೆಳೆಯಷ್ಟು ಸೊಟ್ಟ ಕಂಡರೂ ಬಡಿದು ನೆಟ್ಟಗೆ ಮಾಡುವುದು. ಊರಿನಲ್ಲಿ ಅವರ ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಮೇಸ್ತ್ರಿ ಅಂದರೆ ಸಾಕು, ಎಲ್ಲರಿಗೂ ಗೊತ್ತು.

ಠಾಣಾಧಿಕಾರಿ ಎತ್ತೊರೆ ಪೆಲಿಜ್ಜಾರಿ ಆಗತಾನೆ ಕಾಫಿ ಬಟ್ಟಲು ಕೈಗೆತ್ತಿಕೊಂಡಿದ್ದ. ಅವನ ತಂದೆಯೂ ಅದೇ ಕಾರ್ಖಾನೆಯವರು, ಮೇಸ್ತ್ರಿಯ ಪಕ್ಕದ ಕಿಟಕಿಯಲ್ಲಿ ನಿಂತು ಕೆಲಸ ಕಲಿತವರು. ಎದುರಿಗೆ ಕುಳಿತ ಮುದುಕರ ಕೈಗಳು ಟೋಪಿಯನ್ನು ಹಿಂಡುತ್ತಿದ್ದವು. 

"ಕಳವಾಗಿದೆ ಎತ್ತೊರೆ. ಬರ್ಕೊ."

"ಏನು ಕಳವಾಯ್ತು ಮೇಸ್ತ್ರಿಗಳೇ?"

"ಒಂದು ತೋಟಾ. ಹಳದಿದು."

"ನಿಮ್ಮ ಲೈಸೆನ್ಸ್ ಹೋಗಿ ಹತ್ತು ತಿಂಗಳಾಯ್ತು. ತೋಟಾ ನಿಮ್ಮ ಹತ್ರ ಯಾಕಿತ್ತು?"

"ಹಳೇ ಕೋಟಿನ ಜೇಬಲ್ಲಿ ಉಳ್ಕೊಂಡಿತ್ತು. ಅದಕ್ಕೆ ಬೇರೆ ಕೇಸ್ ಹಾಕೋದಾದ್ರೆ ಆಮೇಲೆ ಹಾಕು. ಮೊದಲು ಇದನ್ನ ಬರ್ಕೊ. ಬುಧವಾರ ಫೌಸ್ತೊನ ನೆಲಮಾಳಿಗೇಲಿ ಕೋಟು ನೇತು ಹಾಕಿದ್ದೆ. ಇವತ್ತು ಬೆಳಿಗ್ಗೆ ಜೇಬು ಮುಟ್ಟಿ ನೋಡಿದ್ರೆ ಇಲ್ಲ."

"ಯಾರ ಮೇಲೆ ಅನುಮಾನ?"

"ಯಾರ ಮೇಲೂ ಇಲ್ಲ. ಫೌಸ್ತೊನ ಬೇಟೆ ತಂಡ ಎರಡು ಗಂಟೆಗೆ ಸೆರ್ಬಿಯಾಕ್ಕೆ ಹೊರಡುತ್ತೆ. ಚೀಲ ಎಲ್ಲಾ ಬಿಚ್ಚಿಸು. ನಳಿಗೆ ನೋಡು." ಮುದುಕರು ಟೋಪಿಯನ್ನು ಮೇಜಿನ ಮೇಲಿಟ್ಟರು, ಮತ್ತೆ ಎತ್ತಿಕೊಂಡರು. "ನೀವೆಸ್ ಹೋಗ್ತಿದಾಳೆ, ಎತ್ತೊರೆ. ನನ್ನ ಮಗಳು."

ಪೆಲಿಜ್ಜಾರಿ ಕಾಫಿ ಕುಡಿಯಲಿಲ್ಲ. ಸಹಾಯಕಿ ಗ್ರಾತ್ಸಿಯಾ ಪೀರಾಸ್ 8.55ಕ್ಕೆ ಪ್ರಥಮ ವರ್ತಮಾನ ವರದಿ ದಾಖಲಿಸಿಕೊಂಡಳು. 9.00ಕ್ಕೆ ಜೀಪು ಹೊರಟಿತು.

ಪೀರಾಸ್ ಸಾರ್ಡಿನಿಯಾದ ಕಡಲತೀರದವಳು, ಈ ಕಣಿವೆಗೆ ಬಂದು ಎಂಟು ತಿಂಗಳಾಗಿತ್ತು. "ಒಂದು ತೋಟಾಗೆ ಇಷ್ಟು ಅವಸರ ಯಾಕೆ ಸರ್?" ಎಂದಳು.

"ಹಳದಿ ತೋಟಾ ಸಣ್ಣ ಕೋವಿದು. ದೊಡ್ಡ ಕೋವಿಯ ಕೆಂಪು ತೋಟಾಗಿಂತ ತೆಳ್ಳಗೆ. ದೊಡ್ಡ ಕೋವಿಗೆ ಹಾಕಿದ್ರೆ ಜಾರಿ ಮುಂದಕ್ಕೆ ಹೋಗಿ ನಳಿಗೆ ಒಳಗೆ ಕಚ್ಕೊಳ್ಳುತ್ತೆ, ಹೊರಗೆ ಕಾಣಲ್ಲ. ಅದು ಗೊತ್ತಿಲ್ದೆ ಹಿಂದೆ ಕೆಂಪಿದು ತುಂಬಿ ಕೋವಿ ಕುದುರೆ ಎಳೆದ್ರೆ ನಳಿಗೆ ಸೀಳುತ್ತೆ. ಎಡಗೈ ಎಲ್ಲಿರುತ್ತೋ, ಮುಖ ಎಲ್ಲಿರುತ್ತೋ, ಸರಿಯಾಗಿ ಅಲ್ಲೇ."

"ನೀವು ನೋಡಿದೀರಾ?"

"ಒಬ್ಬನ್ನ ನೋಡಿದೀನಿ." ಪೆಲಿಜ್ಜಾರಿ ಗೇರು ಬದಲಿಸಿದ. ಆ ಮನುಷ್ಯನನ್ನು ಆಸ್ಪತ್ರೆಗೆ ಒಯ್ದದ್ದು ಅವನೇ, ಮುಖಕ್ಕೆ ಸುತ್ತಿದ್ದ ಮೇಜುಬಟ್ಟೆಯನ್ನು ದಾರಿಯುದ್ದಕ್ಕೂ ಒತ್ತಿ ಹಿಡಿದವನೂ ಅವನೇ. ಅದಾಗಿ ಹದಿನೈದು ವರ್ಷವಾಗಿತ್ತು.

ಫೌಸ್ತೊ ಬೊನೊಮಿಯ ಅಂಗಳದಲ್ಲಿ ವ್ಯಾನ್ ಬಾಗಿಲು ತೆರೆದುಕೊಂಡು ನಿಂತಿತ್ತು. ಹಕ್ಕಿ ತುಂಬಿ ತರುವ ಐಸ್ ಪೆಟ್ಟಿಗೆ, ಎರಡು ನಾಯಿಗೂಡು, ರಬ್ಬರ್ ಬೂಟು, ಪೊಲೆಂತಾ ಮಾಡುವ ಮೆಕ್ಕೆಜೋಳದ ಹಿಟ್ಟಿನ ಚೀಲ, ನೂಲಿನಿಂದ ಬಿಗಿದ ಸಲಾಮಿ ಮಾಂಸದ ಉರುಳೆ ಎಲ್ಲವೂ ಒಂದರ ಮೇಲೊಂದು. ಸೆರ್ಬಿಯಾದಲ್ಲಿ ಊಟ ಸಿಗುವುದಿಲ್ಲ ಎಂದು ಇವರಿಗೆ ಯಾರು ಹೇಳಿದ್ದರೋ, ಪ್ರತಿ ವರ್ಷವೂ ಒಂದು ಮದುವೆಗಾಗುವಷ್ಟು ಹೊರುತ್ತಿದ್ದರು. ನೀವೆಸ್ ನಾಯಿಗಳ ರೇಬೀಸ್ ಲಸಿಕೆಯ ಪುಸ್ತಕಗಳನ್ನು ಎಣಿಸಿ ಪ್ಲಾಸ್ಟಿಕ್ ಲಕೋಟೆಗೆ ಹಾಕುತ್ತಿದ್ದಳು. ಮೂವತ್ತೆಂಟರ ಗಟ್ಟಿ ಹೆಂಗಸು, ಬೇಟೆಗಾಗಿ ದೇಶ ದಾಟುವುದು ಇದೇ ಮೊದಲು.

"ಏನ್ ಸಾಹೇಬ್ರೆ, ನೀವೂ ಬುರ್ಲಿ ಹಕ್ಕಿ ಹೊಡೆಯೋಕೆ ಬರ್ತೀರಾ?" ಫೌಸ್ತೊ ನಕ್ಕ. "ಜಾಗ ಇಲ್ಲ ಕಣ್ರಿ. ಸಲಾಮಿ ಇಳಿಸಿದ್ರೆ ಮಾತ್ರ."

"ಕೋವಿಗಳನ್ನ ಇಳಿಸಿ."

"ಎಲ್ಲಾ ಕಾಗದ ಸರಿ ಇದೆ."

"ಕಾಗದ ಅಲ್ಲ. ಕೋವಿ."

9.20. ಎದುರುಮನೆಯ ಬೇಕರಿಯವನನ್ನೂ ಔಷಧಿ ಅಂಗಡಿಯಾಕೆಯನ್ನೂ ಪಂಚರಾಗಿ ಕರೆಸಿ ಮಹಜರು ಶುರುವಾಯಿತು. ಮೂರು ಕೋವಿ, ಮೂರೂ ಬಿಡಿಬಿಡಿಯಾಗಿ, ಮೂರು ಪೆಟ್ಟಿಗೆಯಲ್ಲಿ. ಪ್ರತಿ ನಳಿಗೆಯ ಮುಂದಿನ ಬಾಯಿಗೆ ವೈನ್ ಬಾಟಲಿಯ ಬೆಂಡಿನ ಬಿರಡೆ, ಹಿಂದಿನ ಬಾಯಿಗೆ ಎಣ್ಣೆ ಬಟ್ಟೆ, ಎರಡರ ಮೇಲೂ ಮೇಣದ ದಾರ, ಗಂಟಿನ ಮೇಲೆ ಅರಗಿನ ಮುದ್ರೆ. ಮುದ್ರೆಯಲ್ಲಿ 31 ಎಂಬ ಅಂಕಿ.

ಅದು ಮೇಸ್ತ್ರಿಯ ಕಾರ್ಖಾನೆ ನಂಬರು. ಇಪ್ಪತ್ತಾರು ವರ್ಷದಿಂದ ಊರಿನ ತಂಡ ಹೊರಗೆ ಹೋಗುವ ಮೊದಲು ನಡೆದುಬಂದ ಪದ್ಧತಿ ಇದು. ಬುಧವಾರ ಸಂಜೆ ನೆಲಮಾಳಿಗೆಯಲ್ಲಿ ಕಂಬಿಗೆ ಚುಚ್ಚಿದ ಮಾಂಸ ಗಂಟೆಗಟ್ಟಲೆ ಬೇಯುತ್ತಿರುವಾಗ ಮೇಸ್ತ್ರಿ ಒಂದೊಂದೇ ನಳಿಗೆಯನ್ನು ದೀಪಕ್ಕೆ ಹಿಡಿದು ನೋಡಿ, ಒರೆಸಿ, ಮುದ್ರೆ ಒತ್ತಬೇಕು. ಮುದ್ರೆ ಬಿದ್ದ ನಳಿಗೆಯನ್ನು ಮತ್ತೆ ಯಾರೂ ಇಣುಕಿ ನೋಡುವಂತಿಲ್ಲ. ಬೇಟೆಯ ಬಯಲಿನಲ್ಲಿ ದಾರ ಕತ್ತರಿಸಿ, ಕೋವಿ ಜೋಡಿಸಿ, ನೇರ ತೋಟಾ ತುಂಬುವುದು. ಇಣುಕಿದರೆ ಮೇಸ್ತ್ರಿಯನ್ನು ನಂಬಲಿಲ್ಲ ಎಂದು ಅರ್ಥ.

ಪೆಲಿಜ್ಜಾರಿ ಭೂತಗನ್ನಡಿಯಲ್ಲಿ ಮುದ್ರೆಗಳನ್ನು ನೋಡಿದ. ಒಂದೂ ಒಡೆದಿರಲಿಲ್ಲ, ಒಂದೂ ಎರಡನೇ ಸಲ ಕರಗಿಸಿ ಒತ್ತಿದ್ದಲ್ಲ. ಪೀರಾಸ್ ಫೋಟೊ ತೆಗೆದಳು.

ಮೊದಲ ಕೋವಿ. ದಾರ ಕತ್ತರಿಸಿ ಬೆಳಕಿಗೆ ಹಿಡಿದ. ನಳಿಗೆಯುದ್ದಕ್ಕೂ ಬೆಳಕು. ಎರಡನೆಯದು, ಅದೂ ಹಾಗೆಯೇ. 

ಮೂರನೆಯದು ಹಗುರವಾದ ಕೋವಿ, ಒಂದರ ಮೇಲೊಂದು ನಳಿಗೆ. ಮೇಲಿನದರಲ್ಲಿ ಬೆಳಕಿತ್ತು. ಕೆಳಗಿನದರಲ್ಲಿ ಕತ್ತಲೆ.

ಪೆಲಿಜ್ಜಾರಿ ಎಲ್ಲರನ್ನೂ ಗೋಡೆಯ ಹಿಂದಕ್ಕೆ ಕಳಿಸಿ, ಮೊಣಕಾಲೂರಿ, ಮರದ ಕೋಲನ್ನು ಮುಂದಿನ ಬಾಯಿಂದ ತೂರಿಸಿ ಮೆಲ್ಲಗೆ ತಳ್ಳಿದ. ಮಡಚಿ ಹಾಸಿದ್ದ ಕಂಬಳಿಯ ಮೇಲೆ ಹಳದಿ ತೋಟಾ ಬಂದು ಬಿತ್ತು. ಸಮಯ 9.47.

"ಇದು ಯಾರ ಕೋವಿ?"

ಫೌಸ್ತೊನ ಮುಖ ಬಿಳಿಚಿಕೊಂಡಿತ್ತು. "ನಂದು. ಆದ್ರೆ... ಈ ಸಲ ನೀವೆಸ್‌ಗೆ ಕೊಟ್ಟಿದೀನಿ. ಅವರಪ್ಪನ ಕೋವಿ ತುಂಬಾ ಒದೆಯುತ್ತೆ. ನಿನ್ನೆ ಸಂಜೆ ನಿಮ್ಮ ಠಾಣೆಗೇ ಬಂದು ಎರವಲು ಪತ್ರ ಕೊಟ್ಟೆವಲ್ಲ."

ನೀವೆಸ್ ಲಕೋಟೆಯನ್ನು ಎದೆಗೊತ್ತಿಕೊಂಡು ಕಂಬಳಿಯನ್ನೇ ನೋಡುತ್ತಿದ್ದಳು. ಆಮೇಲೆ ಎಡಗೈಯನ್ನು ಮುಖದ ಹತ್ತಿರ ತಂದು ಒಮ್ಮೆ ನೋಡಿಕೊಂಡಳು.

10.15ರಿಂದ ನೆಲಮಾಳಿಗೆಯಲ್ಲಿ ಫೌಸ್ತೊನ ವಿಚಾರಣೆ.

"ಬುಧವಾರ ಇಲ್ಲಿ ಯಾರ್ಯಾರಿದ್ರು?"

"ನಾನು, ನೀವೆಸ್, ವ್ಯಾನ್ ಓಡಿಸೋ ದೆಲ್ಫೀನೊ, ಮೇಸ್ತ್ರಿ."

"ಮುದ್ರೆ ಒತ್ತೋ ಉಂಗುರ ಎಲ್ಲಿರುತ್ತೆ?"

"ಅವರ ಬೀಗದ ಕೈ ಗೊಂಚಲಲ್ಲೇ ಇರುತ್ತೆ. ಮಲಗುವಾಗಲೂ ಬಿಡಲ್ಲ."

"ಅವರು ನೋಡಿದ ಮೇಲೆ?"

"ಯಾರೂ ಮುಟ್ಟಿಲ್ಲ. ಯಾರು ಮುಟ್ತಾರೆ?" ಫೌಸ್ತೊ ತುಟಿ ಒದ್ದೆ ಮಾಡಿಕೊಂಡ. "ಇವತ್ತು ಬೆಳಿಗ್ಗೆ ಏಳಕ್ಕೇ ಬಂದಿದ್ರು. ಇನ್ನೊಂದ್ಸಲ ನೋಡ್ತೀನಿ, ಬಿಚ್ಚು ಅಂದ್ರು. ನಾನು ತಮಾಷೆ ಮಾಡಿದೆ."

"ಏನಂದ್ರಿ?"

"ಮೊದಲನೇ ಸಲ ಕಾಣಿಸಿದ್ರೆ ತಾನೇ ಎರಡನೇ ಸಲ ನೋಡೋದು, ಅಂದೆ."

ಪೆಲಿಜ್ಜಾರಿ ಅದನ್ನು ಹಾಗೆಯೇ ಬರೆಸಿಕೊಂಡ.

ಹೋದ ವರ್ಷದ ಸಂಗತಿ ಊರಿಗೆಲ್ಲ ಗೊತ್ತು. ಸೆರ್ಬಿಯಾದ ಗೋಧಿ ಕೂಳೆಯಲ್ಲಿ ಮೇಸ್ತ್ರಿಯ ಬೇಟೆನಾಯಿ ಬ್ರಿನಾಗೆ ಗುಂಡು ಬಿತ್ತು. ಮುದುಕನಿಗೆ ಕಣ್ಣು ಹೋಗಿದೆ, ಪೊದೆ ಯಾವುದು ನಾಯಿ ಯಾವುದು ಗೊತ್ತಾಗಲ್ಲ ಎಂದು ಫೌಸ್ತೊ ಊರಿಗೆ ಬಂದು ಹೇಳಿದ. ಗುಂಡು ಫೌಸ್ತೊನದು ಎಂದು ಮೇಸ್ತ್ರಿ ಹೇಳಿದರು. ಅಲ್ಲಿದ್ದವರು ಅವರಿಬ್ಬರೇ. ಮಾತು ಕಾಫಿ ಅಂಗಡಿಯಿಂದ ವೈದ್ಯರ ತನಕ ಹೋಯಿತು, ವೈದ್ಯರು ಕಣ್ಣಿನ ಪ್ರಮಾಣಪತ್ರಕ್ಕೆ ಸಹಿ ಹಾಕಲಿಲ್ಲ. ಲೈಸೆನ್ಸ್ ಹೋಯಿತು, ಕೋವಿಗಳು ಮಗಳ ಹೆಸರಿಗಾದವು, ವ್ಯಾನಿನ ಸೀಟೂ ಅವಳದಾಯಿತು. ಉಳಿದದ್ದು ಬುಧವಾರದ ಮುದ್ರೆಯೊಂದೇ. ಅದನ್ನೂ ಈಗೀಗ ಮುದುಕರ ಮನಸ್ಸು ನೋಯಿಸಬಾರದೆಂದು ಒತ್ತಿಸಿಕೊಳ್ಳುತ್ತಿದ್ದರು.

11.30. ಠಾಣೆಯ ಮೇಜಿನ ಮೇಲೆ ಎರವಲು ಪತ್ರ ಬಿದ್ದಿತ್ತು. ಗುರುವಾರ ಸಂಜೆ 5.20ಕ್ಕೆ ಸ್ವೀಕೃತಿ. ಬುಧವಾರ ಮುದ್ರೆ ಬಿದ್ದಾಗ ಆ ಕೋವಿ ಫೌಸ್ತೊನ ಹೆಗಲಿಗೆ ಹೋಗಬೇಕಾದದ್ದು. ಗುರುವಾರ ಅದು ನೀವೆಸ್ ಪಾಲಿಗೆ ಬಂತು. ಶುಕ್ರವಾರ ಬೆಳಿಗ್ಗೆ ಮೇಸ್ತ್ರಿ ಟೋಪಿ ಹಿಂಡುತ್ತಾ ಠಾಣೆಗೆ ಬಂದರು. ಪೆಲಿಜ್ಜಾರಿ ಮೂರು ದಿನಾಂಕಗಳನ್ನು ಒಂದರ ಕೆಳಗೊಂದು ಬರೆದು ಬಹಳ ಹೊತ್ತು ನೋಡಿದ. ಲೆಕ್ಕ ತಪ್ಪಿರಲಿ ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತು.

ಮೇಸ್ತ್ರಿ ಬೆಳಿಗ್ಗೆ ಕುಳಿತ ಕುರ್ಚಿಯಲ್ಲೇ ಇದ್ದರು. ನೀವೆಸ್ ಗೋಡೆಗೆ ಒರಗಿ ನಿಂತಿದ್ದಳು.

"ಸಿಕ್ತಾ?" ಎಂದರು ಮೇಸ್ತ್ರಿ.

"ಸಿಕ್ತು. ನೀವೆಸ್‌ಗೆ ಕೊಟ್ಟ ಕೋವೀಲಿ."

ಮುದುಕರ ಹೆಗಲು ಸಡಿಲವಾಯಿತು. ಮಗಳ ಕಡೆ ತಿರುಗಿದರು, ಆದರೆ ದೃಷ್ಟಿ ಅವಳ ಪಕ್ಕದ ಬೀರುವಿನ ಮೇಲೆ ಬಿತ್ತು.

"ಎರವಲಿನ ವಿಷಯ ನಿಮಗೆ ಯಾವಾಗ ತಿಳೀತು?"

"ನಿನ್ನೆ ರಾತ್ರಿ ಊಟಕ್ಕೆ ಕೂತಾಗ. ಇವಳೇ ಹೇಳಿದ್ಲು."

"ನಿದ್ದೆ ಮಾಡಿದ್ರಾ?"

"ಇಲ್ಲ."

"ಮುದ್ರೆ ಒಡೆದಿಲ್ಲ ಮೇಸ್ತ್ರಿಗಳೇ. ನೀವು ಕಟ್ಟಿದ ಗಂಟು ಹಾಗೇ ಇತ್ತು. ಅಂದ್ರೆ ನೀವು ನೋಡುವಾಗ ತೋಟಾ ಒಳಗಿತ್ತು."

 ನೀವೆಸ್ ಗೋಡೆ ಬಿಟ್ಟು ಮುಂದೆ ಬಂದಳು.

"ಸಾಹೇಬ್ರೆ, ಅಪ್ಪಂಗೆ ಕಣ್ಣು ಕಾಣ್ಸಲ್ಲ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡ್ಕೊತಾರೆ. ಉಪ್ಪು ಅಂತ ಸಕ್ಕರೆ ಹಾಕ್ತಾರೆ. ತೋಟಾ ಜೇಬಿಂದ ಮೇಜಿನ ಮೇಲೆ ಬಿದ್ದಿರುತ್ತೆ, ಹೇಗೋ ಒಳಗೆ ಸೇರಿರುತ್ತೆ. ಇವರಿಗೆ ಕಂಡಿಲ್ಲ. ಅದನ್ನೇ ಬರ್ಕೊಳ್ಳಿ. ವೈದ್ಯರ ಕಾಗದ ಇದೆ."

ಪೆಲಿಜ್ಜಾರಿ ಪೆನ್ನು ಕೆಳಗಿಟ್ಟ. ಅವಳು ಹೇಳಿದ್ದು ನಿಲ್ಲುವ ಮಾತೇ ಆಗಿತ್ತು. ಯಾವ ನ್ಯಾಯಾಧೀಶರೂ ಅದನ್ನು ತಳ್ಳಿಹಾಕುತ್ತಿರಲಿಲ್ಲ.

"ಮೇಸ್ತ್ರಿಗಳೇ, ನಿಧಾನವಾಗಿ ಯೋಚನೆ ಮಾಡಿ ಹೇಳಿ. ವಕೀಲರು ಬರೋ ತನಕ ಹೇಳದೇ ಇದ್ರೂ ಸರಿ. ನಿಮಗೆ ಕಂಡಿಲ್ಲ ಅಂದ್ರೆ, ಕಂಡಿಲ್ಲ ಅಂತಲೇ ಬರೀತೀನಿ."

"ಅಪ್ಪಾ," ಎಂದಳು ನೀವೆಸ್, "ಒಂದೇ ಮಾತು. ಕಾಣ್ಲಿಲ್ಲ ಅನ್ನು. ಮನೆಗೆ ಹೋಗೋಣ."

ಮೇಸ್ತ್ರಿ ಟೋಪಿಯನ್ನು ಮೊಣಕಾಲ ಮೇಲೆ ಹರಡಿ ಸುಕ್ಕು ಬಿಡಿಸಿದರು.

"ಕಾಣ್ಲಿಲ್ಲ ಅಂದ್ರೆ, ಬ್ರಿನಾನೂ ನಾನೇ ಹೊಡ್ದೆ ಅಂತಾಗುತ್ತೆ," ಎಂದರು.

"ನಾಯಿ ಸತ್ತು ವರ್ಷ ಆಯ್ತಪ್ಪಾ."

"ನನ್ನ ಕಣ್ಣಿಗೆ ಏನೂ ಆಗಿಲ್ಲ, ಎತ್ತೊರೆ. ಬರ್ಕೊ. ಬುಧವಾರ ಸಂಜೆ ಮೂರು ಕೋವಿ, ಆರು ನಳಿಗೆ, ಆರೂ ನೋಡ್ದೆ. ಆರೂ ನೆಟ್ಟಗಿತ್ತು. ಆಮೇಲೆ ಹಗುರದ್ದರ ಕೆಳಗಿನ ನಳಿಗೆಗೆ ನಾನೇ ಹಾಕ್ದೆ. ಫೌಸ್ತೊಗೆ ಅಂತ. ಅವನೂ ಒಂದು ದಿನ ಗೋಡೆ ಹಿಡ್ಕೊಂಡು ನಡೀಲಿ, ಅದನ್ನ ಊರು ನೋಡಲಿ ಅಂತ."

"ಕೋವಿ ಫೌಸ್ತೊ ಹತ್ರಾನೇ ಉಳಿದಿದ್ರೆ?"

"ಇಷ್ಟೊತ್ತಿಗೆ ದ್ರಾಕ್ಷಿ ಬಳ್ಳಿಗೆ ನೀರು ಹಾಯಿಸ್ತಿದ್ದೆ."

ನೀವೆಸ್ ಎರಡು ಹೆಜ್ಜೆ ಹಿಂದೆ ಸರಿದಳು. ಅಪ್ಪನನ್ನು ನೋಡಿ ಅವಳಿಗೆ ಹೆದರಿಕೆಯಾದದ್ದು ಮುಖದಲ್ಲಿ ಸ್ಪಷ್ಟವಾಗಿತ್ತು. ಪ್ಲಾಸ್ಟಿಕ್ ಲಕೋಟೆ ಇನ್ನೂ ಅವಳ ಕೈಯಲ್ಲೇ ಇತ್ತು; ಅದನ್ನು ಹಿಡಿದುಕೊಂಡೇ ಹೊರಗೆ ಹೋದಳು.

12.35. ಸರ್ಕಾರಿ ವಕೀಲರಿಗೆ ಫೋನ್ ಮಾಡಿ, ಕೊಲೆ ಯತ್ನದ ಆರೋಪದ ಮೇಲೆ ಬೊರ್ತೊಲೊ ಝಾನೊಲೆತ್ತಿಯವರನ್ನು ಬಂಧಿಸಿದ್ದಾಗಿ ದಾಖಲಿಸಲಾಯಿತು. ಬೀಗದ ಕೈ ಗೊಂಚಲು ಮತ್ತು 31ನೇ ನಂಬರಿನ ಮುದ್ರೆ ವಶಕ್ಕೆ. ನಾಯಿಯನ್ನು ಹೊಡೆದದ್ದು ಯಾರ ಗುಂಡು ಎಂಬುದು ಕಡತದಲ್ಲಿ ಎಲ್ಲಿಯೂ ಬರಲಿಲ್ಲ. ಫೌಸ್ತೊನನ್ನು ಮತ್ತೊಮ್ಮೆ ಕೇಳಿದಾಗ ಅವನು, ಹೊಗೆ ಇತ್ತು, ಇಬ್ಬರೂ ಒಟ್ಟಿಗೆ ಹೊಡೆದೆವು, ಈಗ ಹೇಳಕ್ಕಾಗಲ್ಲ ಎಂದ. ಹೋದ ವರ್ಷ ಅವನು ಹಾಗೆ ಹೇಳಿರಲಿಲ್ಲ.

ಪೀರಾಸ್ ಹೇಳಿಕೆಯನ್ನು ಎರಡು ಹಾಳೆಗೆ ಬೆರಳಚ್ಚು ಮಾಡಿ ತಂದು ಮೇಸ್ತ್ರಿಯ ಮುಂದಿಟ್ಟಳು. ಅವರು ಹಾಳೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು, ಸ್ವಲ್ಪ ಹತ್ತಿರ ತಂದರು, ಸ್ವಲ್ಪ ದೂರ ಒಯ್ದರು, ಮತ್ತೆ ಮೇಜಿನ ಮೇಲಿಟ್ಟರು.

"ಸರಿಯಾಗಿದೆ," ಎಂದರು.

ಪೆನ್ನು ಹಿಡಿದ ಕೈ ಹಾಳೆಯ ಮೇಲೆ ಒಂದು ಕಡೆ ನಿಂತಿತು, ಇನ್ನೊಂದು ಕಡೆ ಸರಿಯಿತು, ಅಂಚು ದಾಟಿ ಮೇಜಿನ ಮರಕ್ಕೆ ಹೋಯಿತು. ಪೀರಾಸ್ ಮೇಲಧಿಕಾರಿಯ ಮುಖ ನೋಡಿದಳು. ಪೆಲಿಜ್ಜಾರಿ ಕಿಟಕಿಯ ಕಡೆ ತಿರುಗಿಕೊಂಡ.

ಅವಳು ತನ್ನ ತೋರುಬೆರಳನ್ನು ಸಹಿಯ ಗೆರೆಯ ಮೇಲಿಟ್ಟಳು. ಮುದುಕರು ಆ ಬೆರಳನ್ನು ತಡವಿ, ಅದರ ಪಕ್ಕದಲ್ಲೇ ತಮ್ಮ ಹೆಸರು ಬರೆದರು.